ಮಕ್ಕಳಿಗೆ ಸುಹೇಲ್, ಸುರಯ್ಯಾ ಎಂದು ಹೆಸರಿಡುವ ನಾವು ಆಕಾಶವನ್ನೇಕೆ ನೋಡುವುದಿಲ್ಲ?

ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು. ಈ ನಾಲ್ಕು ತಾಲ್ಲೂಕುಗಳ ಯಾವ ಮೊಹಲ್ಲಾಕ್ಕೆ ಹೋದರೂ ಒಬ್ಬ ಸುಹೇಲ್, ಒಬ್ಬಳು ಸುರಯ್ಯಾ, ಒಬ್ಬಳು ನಜ್ಮಾ, ಒಬ್ಬ ಹಿಲಾಲ್ ಸಿಗದೇ ಇರುವುದಿಲ್ಲ. ಅಕೀಕಾದ ದಿನ ಪ್ರೀತಿಯಿಂದ ಇಟ್ಟ ಹೆಸರುಗಳವು. ಸುಹೇಲ್ ಎಂದರೆ ದಕ್ಷಿಣ ದಿಗಂತದ ಮೇಲೆ ಬೆಳಗುವ, ನಮ್ಮ ಕನ್ನಡದ ಹಿರಿಯರು ಅಗಸ್ತ್ಯ ಎಂದು ಕರೆದ ನಕ್ಷತ್ರ. ಸುರಯ್ಯಾ ಎಂದರೆ ಕೃತ್ತಿಕಾ ಗುಂಪು. ಆದರೆ ಆ ಮಕ್ಕಳ ತಂದೆಯರನ್ನು ಕರೆದು, ನಿಮ್ಮ ಮಗನ ಹೆಸರಿನ ನಕ್ಷತ್ರ ಯಾವುದು ತೋರಿಸಿ ಎಂದು ಕೇಳಿ ನೋಡಿ. ನೂರರಲ್ಲಿ ಒಬ್ಬರೂ ಬೆರಳು ಎತ್ತಲಾರರು. ಹೆಸರನ್ನು ಉಳಿಸಿಕೊಂಡು ವಸ್ತುವನ್ನು ಕಳೆದುಕೊಂಡ ಸಮುದಾಯದ ಚಿತ್ರ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿ ಸಿಗಬೇಕು?

ನಕ್ಷತ್ರ ನೋಡುವುದು ಹವ್ಯಾಸಿಗಳ ಕಾಲಹರಣ, ದೀನಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ಮಾತು ನಮ್ಮಲ್ಲಿ ಬಲವಾಗಿ ಬೇರೂರಿದೆ. ಆ ಮಾತು ತಪ್ಪು. ಆಕಾಶ ವೀಕ್ಷಣೆಯನ್ನು ಕೈಬಿಟ್ಟದ್ದರಿಂದ ನಮ್ಮ ಇಬಾದತ್ತಿಗೆ, ನಮ್ಮ ಐಕ್ಯಕ್ಕೆ, ನಮ್ಮ ಮಕ್ಕಳ ಬುದ್ಧಿಗೆ ನಷ್ಟವಾಗಿದೆ. ಅದನ್ನು ಮರಳಿ ತರುವುದು ನಮ್ಮ ಮಸೀದಿ, ಮದ್ರಸಾ ಮತ್ತು ಮನೆಗಳ ಕೆಲಸ. ಈ ಲೇಖನದ ವಾದ ಇಷ್ಟೇ.

ನೋಡಿರಿ ಎಂಬುದು ಆಜ್ಞೆ

ಪವಿತ್ರ ಕುರ್‌ಆನಿನ 50ನೆಯ ಅಧ್ಯಾಯವಾದ ಸೂರಃ ಕಾಫ್ ತನ್ನ ಆರನೆಯ ಸೂಕ್ತದಲ್ಲಿ ನಿರಾಕರಿಸುವವರಿಗೆ ಹಾಕುವ ಪ್ರಶ್ನೆ, ತಮ್ಮ ಮೇಲಿರುವ ಆಕಾಶವನ್ನು ಅವರು ನೋಡಲಿಲ್ಲವೇ ಎಂಬುದು. ಸೂರಃ ಅಲ್ ಮುಲ್ಕ್‌ನಲ್ಲಿ ಅಲ್ಲಾಹನು ಒಮ್ಮೆ ನೋಡಿದ್ದು ಸಾಲದು, ಮತ್ತೊಮ್ಮೆ ದೃಷ್ಟಿ ಹಾಯಿಸು, ಬಿರುಕು ಕಾಣುತ್ತದೆಯೇ ನೋಡು ಎಂದು ಸವಾಲೆಸೆಯುತ್ತಾನೆ. ಸೂರಃ ಯೂನುಸ್‌ನ ಐದನೆಯ ಸೂಕ್ತವು ಚಂದ್ರನಿಗೆ ಹಂತಗಳನ್ನು ನಿಗದಿಪಡಿಸಿದ್ದು ವರ್ಷಗಳ ಎಣಿಕೆಯನ್ನೂ ಲೆಕ್ಕವನ್ನೂ ಮನುಷ್ಯರು ತಿಳಿಯಲೆಂದೇ ಎನ್ನುತ್ತದೆ. ಸೂರಃ ಅಲ್ ಅನ್‌ಆಮ್‌ನ 97ನೆಯ ಸೂಕ್ತದ ಪ್ರಕಾರ ನೆಲದ ಮತ್ತು ಕಡಲಿನ ಕತ್ತಲೆಗಳಲ್ಲಿ ದಾರಿ ಕಾಣಲು ನಕ್ಷತ್ರಗಳಿವೆ. ಸೂರಃ ಅನ್ನಜ್ಮ್‌ನಲ್ಲಿ ಶಿಅ್‌ರಾ ನಕ್ಷತ್ರದ ಹೆಸರೇ ಬರುತ್ತದೆ. ರಾತ್ರಿಯ ಆಕಾಶದ ಅತ್ಯಂತ ಪ್ರಕಾಶಮಾನವಾದ ಆ ನಕ್ಷತ್ರವನ್ನು ಕನ್ನಡದಲ್ಲಿ ಲುಬ್ಧಕ ಎನ್ನುತ್ತಾರೆ.

ಆಲಿ ಇಮ್ರಾನ್ ಅಧ್ಯಾಯದ 190ನೆಯ ಸೂಕ್ತ ಅವತೀರ್ಣವಾದ ರಾತ್ರಿ ಪ್ರವಾದಿವರ್ಯರು(ಸ) ನಮಾಝ್‌ನಲ್ಲಿ ಅತ್ತು ಗಡ್ಡವನ್ನು, ನೆಲವನ್ನು ತೋಯಿಸಿದರೆಂದೂ, ಫಜ್ರ್‌ಗೆ ಕರೆಯಲು ಬಂದ ಹ. ಬಿಲಾಲ್(ರ) ಕಾರಣ ಕೇಳಿದಾಗ ಆ ಸೂಕ್ತವನ್ನು ಓದಿಯೂ ಚಿಂತಿಸದವನ ಸ್ಥಿತಿ ಶೋಚನೀಯವೆಂದು ಎಚ್ಚರಿಸಿದರೆಂದೂ ವರದಿಯಾಗಿದೆ. ಆಕಾಶ ಮತ್ತು ಭೂಮಿಯ ಸೃಷ್ಟಿಯಲ್ಲಿ, ರಾತ್ರಿ ಹಗಲುಗಳ ಬದಲಾವಣೆಯಲ್ಲಿ ಬುದ್ಧಿವಂತರಿಗೆ ಕುರುಹುಗಳಿವೆ ಎಂಬುದು ಆ ಸೂಕ್ತದ ಆಶಯ. ಅದನ್ನು ಸುಮಧುರವಾಗಿ ಕಿರಾಅತ್ ಮಾಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಓದಿ ಮುಗಿಸಿ ಮಾಳಿಗೆ ಹತ್ತಿದವರು ಎಷ್ಟು ಮಂದಿ?

ನಮ್ಮ ಐದು ಹೊತ್ತಿನ ನಮಾಝ್ ಆಕಾಶದ ಮೇಲೆ ನಿಂತಿದೆ. ಝುಹರ್‌ಗೆ ಸೂರ್ಯ ನೆತ್ತಿಯಿಂದ ವಾಲಬೇಕು. ಅಸರ್‌ಗೆ ನೆರಳಿನ ಉದ್ದ ಅಳೆಯಬೇಕು. ಇಶಾಕ್ಕೆ ಸಂಜೆಗೆಂಪು ಅಳಿಯಬೇಕು. ಫಜ್ರ್‌ಗೆ ಸುಬ್ಹೆ ಸಾದಿಕ್, ಅಂದರೆ ನಿಜವಾದ ಅರುಣೋದಯ, ದಿಗಂತದುದ್ದಕ್ಕೂ ಹರಡಬೇಕು. ಅದಕ್ಕೂ ಮೊದಲು ಕಂಬದಂತೆ ಮೇಲಕ್ಕೆ ಏಳುವ ಮಂದ ಬೆಳಕು ಸುಬ್ಹೆ ಕಾಝಿಬ್, ಸುಳ್ಳು ಬೆಳಗು. ಇದನ್ನು ಫಿಕ್ಹ್ ಗ್ರಂಥದಲ್ಲಿ ಓದದ ಮದ್ರಸಾ ವಿದ್ಯಾರ್ಥಿ ಇಲ್ಲ. ಆದರೆ ಅದನ್ನು ಪಾಠ ಹೇಳುವ ಉಸ್ತಾದರಲ್ಲಿ ಕಣ್ಣಾರೆ ಕಂಡವರು ವಿರಳ. ಗ್ರಹಗಳು ಸುತ್ತುವ ಸಮತಲದಲ್ಲಿ ಚೆಲ್ಲಿಕೊಂಡಿರುವ ಸೂಕ್ಷ್ಮ ಧೂಳಿನ ಕಣಗಳ ಮೇಲೆ ಸೂರ್ಯನ ಬೆಳಕು ಬಿದ್ದು ಈ ಸುಳ್ಳು ಬೆಳಗು ಉಂಟಾಗುತ್ತದೆ. ದೊಡ್ಡ ನಗರಗಳಲ್ಲಿ ದೀಪಗಳ ಪ್ರಖರತೆ ಅದನ್ನು ನುಂಗಿಬಿಟ್ಟಿದೆ. ಹಿರೇಕೆರೂರು ತಾಲ್ಲೂಕಿನ ಮದಗ ಮಾಸೂರು ಕೆರೆಯ ಏರಿಯಂಥ ಕತ್ತಲಿನ ಜಾಗದಲ್ಲಿ, ಮಳೆಗಾಲ ಸರಿದ ಮೇಲಿನ ಚಂದ್ರನಿಲ್ಲದ ಮುಂಜಾವದಲ್ಲಿ, ಸಹ್ರಿಯ ಹೊತ್ತಿಗೆ ಪೂರ್ವಕ್ಕೆ ಮುಖಮಾಡಿ ನಿಂತರೆ ಇಂದಿಗೂ ಕಾಣುತ್ತದೆ. ಕಿತಾಬಿನ ಒಂದು ಪುಟ ಆಕಾಶದಲ್ಲಿ ಬಿಚ್ಚಿಕೊಳ್ಳುವುದನ್ನು ಕಂಡ ವಿದ್ಯಾರ್ಥಿ ಆ ಪಾಠವನ್ನು ಜೀವಮಾನದಲ್ಲಿ ಮರೆಯುವುದಿಲ್ಲ.

‘ನುಜೂಮ್ ಹರಾಮ್ ಅಲ್ಲವೇ?’

ಮೊದಲ ಆಕ್ಷೇಪ ಇದು. ದೂರದರ್ಶಕವನ್ನು ಹೊತ್ತು ಊರೂರು ಸುತ್ತುವ ನನಗೆ ಅತಿ ಹೆಚ್ಚು ಸಲ ಎದುರಾದ ಪ್ರಶ್ನೆಯೂ ಇದೇ. ಒಂದೂರಿನಲ್ಲಿ ಇಶಾ ಬಳಿಕ ಮಸೀದಿಯ ಅಂಗಳದಲ್ಲಿ ಮಕ್ಕಳಿಗೆ ಶನಿಗ್ರಹ ತೋರಿಸಲು ಅನುಮತಿ ಕೇಳಿದಾಗ ಜವಾಬ್ದಾರಿ ಹೊತ್ತ ಹಿರಿಯರೊಬ್ಬರು, ಶನಿಯ ಹೆಸರನ್ನೂ ಅಂಗಳದಲ್ಲಿ ಎತ್ತಬೇಡಿ ಎಂದರು. ಅವರ ಕಾಳಜಿ ಪ್ರಾಮಾಣಿಕವಾದದ್ದು. ನಕ್ಷತ್ರಗಳಿಂದ ವಿದ್ಯೆ ಪಡೆಯುವವನು ಮಾಟದ ಒಂದು ಕವಲನ್ನು ಪಡೆದಂತೆ ಎಂಬ ಅರ್ಥದ ಹದೀಸ್ ಅಬೂದಾವೂದ್‌ನಲ್ಲಿದೆ. ನಕ್ಷತ್ರಗಳು ಆಕಾಶದ ಅಲಂಕಾರಕ್ಕೆ, ಶೈತಾನರನ್ನು ಅಟ್ಟುವುದಕ್ಕೆ ಮತ್ತು ದಾರಿ ತೋರುವುದಕ್ಕೆ ಇವೆ, ಅವುಗಳಲ್ಲಿ ಬೇರೆ ಅರ್ಥ ಹುಡುಕುವವನು ತಪ್ಪಿದ ಎಂಬ ತಾಬಿಈ ವಿದ್ವಾಂಸ ಕತಾದಃ ಅವರ ಅಭಿಪ್ರಾಯವನ್ನು ಇಮಾಮ್ ಬುಖಾರಿಯವರು ದಾಖಲಿಸಿದ್ದಾರೆ.

ಆದರೆ ಈ ಪುರಾವೆಗಳನ್ನು ನಮಗಿಂತ ಚೆನ್ನಾಗಿ ಬಲ್ಲ ಪೂರ್ವಿಕ ಉಲಮಾಗಳು ಏನು ಮಾಡಿದರು? ಅವರು ಗೆರೆ ಎಳೆದರು. ನಕ್ಷತ್ರಗಳು ಮನುಷ್ಯನ ಅದೃಷ್ಟದ ಮೇಲೆ ಪ್ರಭಾವ ಬೀರುತ್ತವೆ ಎನ್ನುವ ಇಲ್ಮುತ್ತಅ್‌ಸೀರ್ ನಿಷಿದ್ಧ ಎಂದರು. ನಕ್ಷತ್ರಗಳ ಚಲನೆಯನ್ನು ನೋಡಿ ದಿಕ್ಕು, ಕಿಬ್ಲಾ, ಕಾಲ ಗುರುತಿಸುವ ಇಲ್ಮುತ್ತಸ್‌ಯೀರ್ ಅನುಮತ ಎಂದರು. ಇಮಾಮ್ ಖತ್ತಾಬಿ ಮತ್ತು ಇಬ್ನ್ ರಜಬ್‌ರಂಥ ವಿದ್ವಾಂಸರು ಈ ವಿಭಜನೆಯನ್ನು ಸ್ಪಷ್ಟಪಡಿಸಿದ್ದಾರೆ. ಜ್ಯೋತಿಷ್ಯ ಬೇರೆ, ಖಗೋಳ ಬೇರೆ. ಒಂದು ಭಯವನ್ನು ಮಾರುತ್ತದೆ, ಇನ್ನೊಂದು ಲೆಕ್ಕವನ್ನು ಕಲಿಸುತ್ತದೆ.

ಇನ್ನು ನಮ್ಮ ಮನೆಗಳ ಗೋಡೆಯ ಕಡೆ ಸ್ವಲ್ಪ ತಿರುಗೋಣ. ದೂರದರ್ಶಕ ಕಂಡರೆ ಹುಬ್ಬೇರಿಸುವ ಎಷ್ಟೋ ಮನೆಗಳಲ್ಲಿ ಉರ್ದು ಜಂತ್ರಿ ತೂಗುತ್ತಿರುತ್ತದೆ. ನಿಕಾಹ್‌ಗೆ ದಿನ ಗೊತ್ತುಮಾಡುವಾಗ ಅದರಲ್ಲಿ ‘ಕಮರ್ ದರ್ ಅಕ್ರಬ್’ ಎಂದು ಎಂದೆಂದು ಬರೆದಿದೆ ಎಂದು ಹುಡುಕುತ್ತಾರೆ. ಚಂದ್ರ ವೃಶ್ಚಿಕದಲ್ಲಿದ್ದರೆ ಶುಭಕಾರ್ಯ ಕೂಡದಂತೆ! ಸಫರ್ ತಿಂಗಳಲ್ಲಿ ಅಪಶಕುನವಿಲ್ಲವೆಂದು ಪ್ರವಾದಿ(ಸ) ಬಿಡಿಸಿ ಹೇಳಿದ್ದರೂ ಆ ತಿಂಗಳಲ್ಲಿ ಮದುವೆ ಮುಂದೂಡುವ ಕುಟುಂಬಗಳಿವೆ. ಇದು ಇಲ್ಮುತ್ತಅ್‌ಸೀರ್ ಅಲ್ಲದೆ ಮತ್ತೇನು? ನಿಷಿದ್ಧವಾದದ್ದನ್ನು ಗೋಡೆಗೆ ತೂಗುಹಾಕಿ, ಅನುಮತವಾದದ್ದನ್ನು ಅಂಗಳದಿಂದ ಹೊರಗಟ್ಟಿದ್ದೇವೆ. ಚಂದ್ರ ಪ್ರತಿ ತಿಂಗಳೂ ಎರಡೂವರೆ ದಿನದಷ್ಟು ಕಾಲ ವೃಶ್ಚಿಕದ ಭಾಗವನ್ನು ಹಾದುಹೋಗುತ್ತಾನೆ. ಬೇಸಿಗೆಯ ಒಂದು ರಾತ್ರಿ ಮಗನ ಕೈಹಿಡಿದು ಮಾಳಿಗೆಗೆ ಹೋಗಿ, ಆ ಚೇಳಿನಾಕಾರದ ನಕ್ಷತ್ರಗಳ ಎದುರು ಚಂದ್ರ ನಿರುಪದ್ರವಿಯಾಗಿ ದಾಟುವುದನ್ನು ತೋರಿಸಿ. ಆ ಹುಡುಗ ದೊಡ್ಡವನಾಗಿ ಜಂತ್ರಿಗೆ ಅಂಜುವುದಿಲ್ಲ. ಶಿರ್ಕ್‌ನ ವಾಸನೆಯುಳ್ಳ ಭಯಕ್ಕೆ ಇಷ್ಟು ಅಗ್ಗದ ಮದ್ದು ಬೇರೆ ಇಲ್ಲ.

ಗ್ರಹಣ: ಮದೀನಾದ ಪಾಠ ಮತ್ತು ನಮ್ಮ ಮುಚ್ಚಿದ ಬಾಗಿಲು

ಕ್ರಿ.ಶ. 632ರ ಜನವರಿ 27ರಂದು ಮದೀನಾದಲ್ಲಿ ಸೂರ್ಯಗ್ರಹಣವಾಯಿತು. ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವದು. ಶೋಕದಲ್ಲಿ ಸೂರ್ಯನೂ ಕಂದಿದನೆಂದು ಜನ ಆಡಿಕೊಂಡರು. ಬೇರೆ ಯಾವ ನಾಯಕನಾದರೂ ಆ ಮಾತನ್ನು ಹಾಗೆಯೇ ಹಬ್ಬಲು ಬಿಡುತ್ತಿದ್ದ. ಪ್ರವಾದಿ(ಸ) ಬಿಡಲಿಲ್ಲ. ಮಗನನ್ನು ಕಳೆದುಕೊಂಡ ದಿನವೇ ಎದ್ದು ನಿಂತು, ಸೂರ್ಯ ಚಂದ್ರರು ಅಲ್ಲಾಹನ ಕುರುಹುಗಳು, ಯಾರ ಸಾವಿಗಾಗಲೀ ಯಾರ ಹುಟ್ಟಿಗಾಗಲೀ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ, ಅದನ್ನು ಕಂಡಾಗ ನಮಾಝ್ ಮಾಡಿ, ಪ್ರಾರ್ಥಿಸಿ ಎಂದು ಜನರನ್ನು ತಿದ್ದಿದರು.

ಈಗ 1980ರ ಫೆಬ್ರವರಿ 16ಕ್ಕೆ ಬನ್ನಿ. ಅಂದು ಸಂಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರ, ಅಂಕೋಲೆಯ ಕಡಲತೀರದಲ್ಲಿ ನೆಲವನ್ನು ಮುಟ್ಟಿ, ಹುಬ್ಬಳ್ಳಿ, ಗದಗ, ರಾಯಚೂರು ಸೀಮೆಯನ್ನು ಹಾದು ಆಂಧ್ರದತ್ತ ಸಾಗಿತು. ನಮ್ಮ ಶಿಗ್ಗಾಂವ, ಸವಣೂರುಗಳು ಆ ಪಟ್ಟಿಯ ಒಳಗಿದ್ದವು. ಮಧ್ಯಾಹ್ನ ಮೂರೂವರೆಯ ಬಳಿಕ ಎರಡು ನಿಮಿಷಕ್ಕೂ ಹೆಚ್ಚು ಕಾಲ ಹಗಲು ಇರುಳಾಯಿತು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಹುಬ್ಬಳ್ಳಿಯ ಬಳಿಯ ಹೊಸೂರಿನಲ್ಲೂ ರಾಯಚೂರು ಸೀಮೆಯ ಜವಳಗೇರಾದಲ್ಲೂ ಬೀಡುಬಿಟ್ಟಿದ್ದರು. ಭೂಮಿಯ ಒಂದೇ ಜಾಗಕ್ಕೆ ಸಂಪೂರ್ಣ ಗ್ರಹಣ ಸರಾಸರಿ 375 ವರ್ಷಕ್ಕೊಮ್ಮೆ ಬರುತ್ತದೆ. ಅಂಥ ಗಳಿಗೆ ನಮ್ಮ ತಲೆಯ ಮೇಲೆ ಹಾದುಹೋದಾಗ ದೇಶದ ಬೀದಿಗಳು ಬರಿದಾಗಿದ್ದವು, ಕಿಟಕಿಗಳು ಮುಚ್ಚಿದ್ದವು. ನಮ್ಮವರೂ ಬಾಗಿಲು ಹಾಕಿಕೊಂಡವರೇ. ಸಲಾತುಲ್ ಕುಸೂಫ್ ಎಂಬ ವಿಶೇಷ ನಮಾಝನ್ನೇ ಗ್ರಹಣಕ್ಕಾಗಿ ಪಡೆದ ಸಮುದಾಯ ಮಂಚದ ಕೆಳಗೆ ಅವಿತ ಮಕ್ಕಳಂತೆ ವರ್ತಿಸಿತು.

ಕಾಲ ಬದಲಾಗಿದೆಯೆಂದು ಸಮಾಧಾನಪಟ್ಟುಕೊಳ್ಳಬೇಡಿ. 2025ರ ಸೆಪ್ಟೆಂಬರ್ 7ರ ರಾತ್ರಿ 11 ಗಂಟೆಯಿಂದ ಎಂಬತ್ತಕ್ಕೂ ಹೆಚ್ಚು ನಿಮಿಷ ಚಂದ್ರ ಭೂಮಿಯ ನೆರಳಿನಲ್ಲಿ ಪೂರ್ತಿ ಮುಳುಗಿ ತಾಮ್ರದ ತಟ್ಟೆಯಂತಾದ. ಬರಿಗಣ್ಣಿನಿಂದ ನೋಡಲು ಯಾವ ಅಪಾಯವೂ ಇಲ್ಲದ ದೃಶ್ಯ. ಆದರೂ ನಮ್ಮ ಮನೆಗಳಲ್ಲಿ ಬಸುರಿ ಹೆಣ್ಣುಮಕ್ಕಳಿಗೆ ಅಂದು ಈಳಿಗೆ, ಕತ್ತರಿ ಮುಟ್ಟಬೇಡ, ಮಗುವಿನ ತುಟಿ ಸೀಳುತ್ತದೆ, ಹೊರಳದೆ ಮಲಗು ಎಂಬ ಕಟ್ಟಪ್ಪಣೆಯಾಯಿತು. ಸೊಸೆಯನ್ನು ಗಂಟೆಗಟ್ಟಲೆ ನೀರೂ ಕೊಡದೆ ಕತ್ತಲ ಕೋಣೆಯಲ್ಲಿ ಕೂರಿಸುವುದು ಯಾವ ಹದೀಸಿನಲ್ಲಿದೆ? ಇದು ಬರಿಯ ಅಜ್ಞಾನವಲ್ಲ, ಗರ್ಭಿಣಿಯ ಮೇಲಿನ ಜುಲುಮೆ. ಗ್ರಹಣವೆಂದರೆ ನೆರಳು ಎಂಬುದನ್ನು ಒಂದು ಚೆಂಡು, ಒಂದು ಲಿಂಬೆಹಣ್ಣು, ಒಂದು ಬ್ಯಾಟರಿ ಹಿಡಿದು ಹತ್ತು ನಿಮಿಷದಲ್ಲಿ ತೋರಿಸಿಬಿಡಬಹುದು. ತೋರಿಸುವವರು ಬೇಕು, ಅಷ್ಟೇ. ಸೂರ್ಯಗ್ರಹಣವನ್ನು ಮಾತ್ರ ತಕ್ಕ ಸೌರಕನ್ನಡಕವಿಲ್ಲದೆ ನೇರವಾಗಿ ನೋಡಕೂಡದು. ಹಾಗೆ ನೋಡಿದರೆ ಕಣ್ಣಿನ ಒಳಪದರ ಸುಟ್ಟುಹೋಗುತ್ತದೆ.

ಹಿಲಾಲಿನ ಜಗಳ

ಪ್ರತಿ ರಮಝಾನಿನ 29ನೆಯ ಸಂಜೆ ನಮ್ಮ ಫೋನುಗಳ ಪರದೆ ಹೇಗೆ ತುಂಬಿ ತುಳುಕುತ್ತದೆಂದು ಎಲ್ಲರಿಗೂ ಗೊತ್ತು. ಅಲ್ಲಿ ಕಂಡಿತಂತೆ, ಇಲ್ಲಿ ಕಾಣಲಿಲ್ಲವಂತೆ, ಯಾರೋ ಕಳುಹಿಸಿದ ಹಳೆಯ ಚಿತ್ರ. ಕರಾವಳಿಯಲ್ಲಿ ಒಂದು ದಿನ, ಉಳಿದ ಕರ್ನಾಟಕದಲ್ಲಿ ಮರುದಿನ ಈದ್ ಆದದ್ದು ಹಲವು ಬಾರಿ. ಹುಬ್ಬಳ್ಳಿಗೆ ಮಗಳನ್ನು, ಭಟ್ಕಳಕ್ಕೆ ತಂಗಿಯನ್ನು ಕೊಟ್ಟ ಮನೆಯಲ್ಲಿ ಶೀರ್‌ಖುರ್ಮಾ ಎರಡು ಸಲ ಕುದಿಯುತ್ತದೆ.

ತೀರ್ಪು ಉಲಮಾಗಳದ್ದು, ಹಿಲಾಲ್ ಕಮಿಟಿಯದ್ದು. ಮತ್ಲಾ ಒಂದೋ ಹಲವೋ, ಲೆಕ್ಕ ಸಾಕೋ ಕಣ್ಣೇ ಬೇಕೋ ಎಂಬುದು ಫಿಕ್ಹ್‌ನ ವಿಷಯ. ಅದರಲ್ಲಿ ನಾನು ತಲೆಹಾಕುವುದಿಲ್ಲ. ನನ್ನ ಪ್ರಶ್ನೆ ಬೇರೆ. ಕಣ್ಣಿನ ಸಾಕ್ಷ್ಯವೇ ಬೇಕೆಂದು ಹಟಹಿಡಿಯುವ ನಾವು ಆ ಕಣ್ಣುಗಳನ್ನು ತಯಾರು ಮಾಡಿದ್ದೇವೆಯೇ? ಹನ್ನೊಂದು ತಿಂಗಳು ಚಂದ್ರನತ್ತ ನೋಡದವರು ಒಂದು ಸಂಜೆ ಮಾತ್ರ ಗುಂಪುಕಟ್ಟಿ ಆಕಾಶ ನೋಡಿದರೆ ಮೋಡದ ಅಂಚೂ ವಿಮಾನದ ಹೊಗೆಗೆರೆಯೂ ಹಿಲಾಲಾಗಿಯೇ ಕಾಣುತ್ತದೆ.

ಬಲ್ಲವನಿಗೆ ಕೆಲವು ಸಂಗತಿಗಳು ಗೊತ್ತಿರುತ್ತವೆ. ಒಂದು ಅಮಾವಾಸ್ಯೆಯಿಂದ ಮತ್ತೊಂದಕ್ಕೆ ಸರಾಸರಿ 29 ದಿನ, 12 ಗಂಟೆ, 44 ನಿಮಿಷ. ಆದ್ದರಿಂದಲೇ ತಿಂಗಳು ಕೆಲವೊಮ್ಮೆ 29, ಕೆಲವೊಮ್ಮೆ 30. ಸೂರ್ಯನಿಗಿಂತ ಮೊದಲೇ ಚಂದ್ರ ಮುಳುಗುವ ಸಂಜೆ ಹಿಲಾಲ್ ಕಾಣುವುದು ಅಸಾಧ್ಯ. ಬರಿಗಣ್ಣಿಗೆ ಕಂಡ ಅತಿ ಎಳೆಯ ಚಂದ್ರರೇಖೆಗೂ ಹದಿನೈದು ಗಂಟೆಗಿಂತ ಹೆಚ್ಚು ವಯಸ್ಸಾಗಿತ್ತು, ಅದೂ ನುರಿತ ಕಣ್ಣಿಗೆ. ಸಾಮಾನ್ಯರಿಗೆ ಅದಕ್ಕಿಂತ ಬಹಳ ಹೆಚ್ಚು ವಯಸ್ಸಿನ ಚಂದ್ರ ಬೇಕು. ಬೆಳಗಿದ ಬದಿ ಯಾವಾಗಲೂ ಸೂರ್ಯ ಮುಳುಗಿದ ಕಡೆಗೇ ಇರುತ್ತದೆ. ಕೋಡುಗಳು ಸೂರ್ಯನತ್ತ ಬಾಗಿದ್ದವು ಎನ್ನುವವನು ಚಂದ್ರನನ್ನು ಕಂಡಿಲ್ಲ. ಸಾಕ್ಷಿಯನ್ನು ಕೂರಿಸಿಕೊಂಡು ಎಷ್ಟು ಹೊತ್ತಿಗೆ ಕಂಡಿತು, ಸೂರ್ಯ ಮುಳುಗಿದ ಜಾಗದ ಎಡಕ್ಕೋ ಬಲಕ್ಕೋ, ಎಷ್ಟು ಎತ್ತರದಲ್ಲಿ, ಕೋಡು ಯಾವ ಕಡೆಗೆ ಎಂದು ನಾಲ್ಕು ಪ್ರಶ್ನೆ ಕೇಳಬಲ್ಲ ಒಬ್ಬ ಇಮಾಮ್ ತಾಲ್ಲೂಕಿಗೊಬ್ಬರಂತೆ ಇದ್ದರೆ ಅರ್ಧ ಗೊಂದಲ ಅಲ್ಲಿಯೇ ಬಗೆಹರಿಯುತ್ತದೆ. ಇದು ಶಹಾದತ್‌ಗೆ ಅವಮಾನವಲ್ಲ. ಶಹಾದತ್‌ನ ಗೌರವ ಕಾಪಾಡುವುದೇ ಇದು.

ಹೆಸರು ಹೇಳಿ ಬೀಗುವುದು

ಇನ್ನೊಂದು ರೋಗವಿದೆ. ವೇದಿಕೆ ಹತ್ತಿದೊಡನೆ ನಮ್ಮ ಭಾಷಣಕಾರರು, ಖಗೋಳ ವಿಜ್ಞಾನವನ್ನು ಜಗತ್ತಿಗೆ ಕೊಟ್ಟವರೇ ನಾವು ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಮಾತಿನಲ್ಲಿ ಹುರುಳಿದೆ. ಕ್ರಿ.ಶ. 964ರ ಸುಮಾರಿಗೆ ಅಬ್ದುರ್ರಹ್ಮಾನ್ ಅಸ್ಸೂಫಿ ತಮ್ಮ ನಕ್ಷತ್ರ ಗ್ರಂಥದಲ್ಲಿ ಆ್ಯಂಡ್ರೊಮಿಡಾ ಬ್ರಹ್ಮಾಂಡವನ್ನು ಪುಟ್ಟ ಮೋಡವೆಂದು ದಾಖಲಿಸಿದರು. ಸಮರ್ಕಂದದಲ್ಲಿ ಉಲೂಗ್ ಬೇಗ್ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನ ಅಳೆಸಿದ. ದಮಾಸ್ಕಸ್‌ನ ಉಮವಿ ಮಸೀದಿಯಲ್ಲಿ ಮುವಕ್ಕಿತ್, ಅಂದರೆ ನಮಾಝ್ ವೇಳೆಯನ್ನು ಲೆಕ್ಕಹಾಕುವ ಅಧಿಕಾರಿಯಾಗಿದ್ದವರು ಇಬ್ನುಶ್ಶಾತಿರ್. ಚಂದ್ರನ ಚಲನೆಗೆ ಅವರು ರೂಪಿಸಿದ ಮಾದರಿಯಂಥದ್ದನ್ನೇ ಸುಮಾರು ಒಂದೂವರೆ ಶತಮಾನದ ಬಳಿಕ ಕೋಪರ್ನಿಕಸ್ ಬಳಸಿದ. ಗಮನಿಸಿ, ಅವರು ಮಸೀದಿಯ ನೌಕರರು. ಮಸೀದಿಯೇ ಅವರ ವೀಕ್ಷಣಾಲಯ.

ಆದರೆ ಅಜ್ಜ ಉಂಡ ಕಥೆ ಹೇಳಿದರೆ ಮೊಮ್ಮಗನ ಹೊಟ್ಟೆ ತುಂಬದು. ಆ್ಯಂಡ್ರೊಮಿಡಾದ ಆ ಪುಟ್ಟ ಮೋಡ ಇಂದಿಗೂ ಕಾರ್ತಿಕದ ಕತ್ತಲೆಯಲ್ಲಿ ಹಾನಗಲ್ಲಿನ ಹೊಲದಿಂದ ಬರಿಗಣ್ಣಿಗೆ ಕಾಣುತ್ತದೆ. ನಮ್ಮ ಭಾಷಣಕಾರರು ನೋಡಿದ್ದಾರೆಯೇ? ನೋಡುವ ಬದಲು ಸುಳ್ಳುಗಳನ್ನು ಹಂಚುತ್ತೇವೆ. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಅಝಾನ್ ಕೇಳಿ ಮುಸ್ಲಿಮನಾದ ಎಂಬ ಕಥೆಯನ್ನು ಸ್ವತಃ ಆತನೇ ನಿರಾಕರಿಸಿದ. 1983ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಅದನ್ನು ಅಧಿಕೃತವಾಗಿ ತಿಳಿಸಿತು. ಆದರೂ ನಮ್ಮ ಜಲ್ಸಾಗಳಲ್ಲಿ ಅದು ಇನ್ನೂ ಓಡುತ್ತಿದೆ. ಚಂದ್ರನ ಮೇಲಿನ ಸುಮಾರು 300 ಕಿಲೋಮೀಟರ್ ಉದ್ದದ ಒಂದು ಕಂದಕದ ಚಿತ್ರವನ್ನು ಚಂದ್ರ ಸೀಳಿದ ಗುರುತೆಂದು ಹಂಚುತ್ತಾರೆ. ಚಂದ್ರ ಇಬ್ಭಾಗವಾದ ಪವಾಡ ನಮ್ಮ ವಿಶ್ವಾಸ. ಅದಕ್ಕೆ ಕುರ್‌ಆನ್ ಮತ್ತು ಹದೀಸ್ ಸಾಕು, ಇಂಟರ್ನೆಟ್ಟಿನ ಚಿತ್ರ ಬೇಕಿಲ್ಲ. ತಂದ ಸುದ್ದಿಯನ್ನು ಪರಿಶೀಲಿಸಿರಿ ಎಂಬ ಸೂರಃ ಅಲ್ ಹುಜುರಾತ್‌ನ ಆದೇಶ ಇಂಥ ಸುದ್ದಿಗೆ ಅನ್ವಯಿಸುವುದಿಲ್ಲವೇ? ಸುಳ್ಳಿನ ಊರುಗೋಲು ಹಿಡಿದು ಸತ್ಯ ನಡೆಯಬೇಕಾಗಿಲ್ಲ. ಕಾಲೇಜಿಗೆ ಹೋದ ನಮ್ಮ ಹುಡುಗ ಆ ಸುಳ್ಳನ್ನು ಪತ್ತೆಹಚ್ಚಿದ ದಿನ ಸುಳ್ಳಿನ ಜೊತೆ ಇನ್ನೇನೇನನ್ನು ಅನುಮಾನಿಸುತ್ತಾನೆ ಎಂಬ ಭಯ ನಮಗಿರಬೇಕು.

ಬೀಗುವುದಾದರೆ ನಮ್ಮ ದಖ್ಖನಿನ ಉದಾಹರಣೆಯನ್ನು ತಿಳಿದು ಬೀಗೋಣ. ಕಲಬುರಗಿಯಿಂದ ಆಳಿದ ಫಿರೋಝ್ ಶಾಹ್ ಬಹಮನಿ ಹದಿನೈದನೆಯ ಶತಮಾನದ ಆರಂಭದಲ್ಲಿ ದೌಲತಾಬಾದಿನ ಬಳಿ ವೀಕ್ಷಣಾಲಯ ಕಟ್ಟಿಸಲು ಹೊರಟಿದ್ದ. ಅದು ಪೂರ್ಣವಾಗಲಿಲ್ಲ. ಐನೂರು ವರ್ಷಗಳ ಬಳಿಕ, 1901ರಲ್ಲಿ, ಹೈದರಾಬಾದಿನ ನವಾಬ್ ಝಫರ್ ಜಂಗ್ ತಮ್ಮ ಸ್ವಂತ ಆಸಕ್ತಿಯಿಂದ, ಸ್ವಂತ ಹಣದಿಂದ 15 ಅಂಗುಲದ ದೂರದರ್ಶಕವನ್ನು ತರಿಸಿ ವೀಕ್ಷಣಾಲಯ ಆರಂಭಿಸಿದರು. ಅವರು ವೃತ್ತಿಯಿಂದ ವಿಜ್ಞಾನಿಯಲ್ಲ, ಹವ್ಯಾಸಿ. ಅವರು ತೀರಿಕೊಂಡ ಮೇಲೆ 1908ರಲ್ಲಿ ಅದು ನಿಝಾಮ್ ಸರಕಾರದ ನಿಝಾಮಿಯಾ ವೀಕ್ಷಣಾಲಯವಾಯಿತು. ಇಡೀ ಆಕಾಶದ ನಕ್ಷೆ ತಯಾರಿಸುವ ಅಂತಾರಾಷ್ಟ್ರೀಯ ಯೋಜನೆಯಲ್ಲಿ ಲಕ್ಷಾಂತರ ನಕ್ಷತ್ರಗಳ ಸ್ಥಾನವನ್ನು ಅಳೆದುಕೊಟ್ಟಿತು. ಅಲ್ಲಿ ಕೆಲಸಕ್ಕಿದ್ದವರೊಬ್ಬರ ಮಗ ದೂರದರ್ಶಕಗಳ ನಡುವೆ ಬೆಳೆದು ಮುಂದೆ ಎಂ.ಕೆ. ವೈನು ಬಾಪ್ಪು ಎಂದು ಹೆಸರಾದರು, ಕಾವಲೂರಿನ ವೀಕ್ಷಣಾಲಯವನ್ನು ಕಟ್ಟಿದರು. 1980ರಲ್ಲಿ ಶಿಗ್ಗಾಂವದ ಮೇಲೆ ಹಾದ ನೆರಳು ಕೆಲವೇ ನಿಮಿಷಗಳಲ್ಲಿ ತಲುಪಿದ ಜಪಾಲ್ ರಂಗಾಪುರ ವೀಕ್ಷಣಾಲಯವೂ ನಿಝಾಮಿಯಾದ ಮುಂದುವರಿಕೆಯೇ. ಒಬ್ಬ ಹವ್ಯಾಸಿ ತನ್ನ ಪ್ರೀತಿಯನ್ನು ತನ್ನಲ್ಲೇ ಇಟ್ಟುಕೊಳ್ಳದೆ ಹಂಚಿದ್ದರ ಫಲ ಎಷ್ಟು ದೂರ ಹೋಯಿತು ನೋಡಿ. ಇದನ್ನು ಸದಕಾ ಜಾರಿಯಾ ಎನ್ನದೆ ಏನೆನ್ನಬೇಕು?

ಮದ್ರಸಾದ ವಿಷಯಕ್ಕೆ ಬಂದರೆ, ದರ್ಸೆ ನಿಝಾಮಿಯಲ್ಲಿ ಒಂದು ಕಾಲಕ್ಕೆ ಹೈಅತ್, ಅಂದರೆ ಖಗೋಳ, ಪಠ್ಯವಿಷಯವಾಗಿತ್ತು. ಶರಹ್ ಚಗ್ಮೀನಿ, ತಶ್ರೀಹುಲ್ ಅಫ್ಲಾಕ್ ಓದದೆ ಹಿಂದಿನವರು ಆಲಿಮರಾಗುತ್ತಿರಲಿಲ್ಲ. ಆ ಗ್ರಂಥಗಳು ಹಳತಾದವು, ಸರಿ. ಹಳತನ್ನು ತೆಗೆದ ಜಾಗದಲ್ಲಿ ಹೊಸತನ್ನು ಇಡಬೇಕಿತ್ತು. ನಾವು ಜಾಗವನ್ನೇ ತೆಗೆದೆವು.

ಫೋನಿದೆಯಲ್ಲ, ಸಮಯವಿಲ್ಲವಲ್ಲ

ಈಗಿನ ಯುವಕರ ಉತ್ತರ ಬೇರೆ. ನಮಾಝ್ ವೇಳೆ, ಕಿಬ್ಲಾ, ಹಿಲಾಲ್ ಎಲ್ಲವನ್ನೂ ಆ್ಯಪ್ ಹೇಳುತ್ತದೆ, ಮೇಲೆ ನೋಡುವುದೇಕೆ? ಆ್ಯಪ್ ಇರಲಿ. ಆದರೆ ಕಬ್ಬಿಣದ ಬೀರುವಿನ ಪಕ್ಕ ಫೋನಿನ ದಿಕ್ಸೂಚಿ ತಪ್ಪು ತೋರುತ್ತದೆ. ನಮ್ಮ ಕಡೆ ಕಿಬ್ಲಾ ನೇರ ಪಶ್ಚಿಮವಲ್ಲ, ಪಶ್ಚಿಮದಿಂದ ಸುಮಾರು 16 ಡಿಗ್ರಿ ಉತ್ತರಕ್ಕೆ. ಪ್ರತಿ ವರ್ಷ ಮೇ 28ರ ಸುಮಾರಿಗೆ ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೆ ಸೂರ್ಯ ಕಅಬಾದ ನೆತ್ತಿಯ ಮೇಲಿರುತ್ತಾನೆ. ಆ ಗಳಿಗೆಯಲ್ಲಿ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ನೆರಳಿನ ತುದಿಯಿಂದ ಕೋಲಿನ ಬುಡದತ್ತ ಎಳೆದ ಗೆರೆಯೇ ಕಿಬ್ಲಾ. ಯಂತ್ರವಿಲ್ಲ, ಖರ್ಚಿಲ್ಲ, ಹೋಲಿಕೆಗೆ ಹೊಸ ಮಸೀದಿಯ ಅಡಿಗಲ್ಲೂ ಸಾಕು. ಜುಲೈ 16ರ ಸುಮಾರಿಗೆ 2 ಗಂಟೆ 57 ನಿಮಿಷಕ್ಕೆ ಮತ್ತೊಮ್ಮೆ ಹೀಗಾಗುತ್ತದೆ, ಮಳೆಮೋಡ ಬಿಟ್ಟರೆ. ಹಲವು ನಾಡುಗಳ ಮುಸ್ಲಿಮರು ಒಂದೇ ಸೂರ್ಯನ ನೆರಳಿನಿಂದ ಒಂದೇ ಮನೆಯತ್ತ ಮುಖಮಾಡುವ ಆ ಅನುಭವವನ್ನು ಆ್ಯಪ್ ಕೊಡಲಾರದು.

ಪರೀಕ್ಷೆ, ಟ್ಯೂಷನ್ ನಡುವೆ ಮಕ್ಕಳಿಗೆ ಸಮಯವೆಲ್ಲಿ ಎನ್ನುವ ಪಾಲಕರಿದ್ದಾರೆ. ಅದೇ ಮಕ್ಕಳು ರಾತ್ರಿ ಹನ್ನೊಂದರ ತನಕ ರೀಲ್ಸ್ ನೋಡುವುದು ಅವರಿಗೆ ಕಾಣುವುದಿಲ್ಲ. ಹಣವೆಲ್ಲಿ ಎನ್ನುವವರಿದ್ದಾರೆ. ಬರಿಗಣ್ಣಿಗೆ ಹಣ ಬೇಡ. 10x50 ಅಳತೆಯ ಒಂದು ದುರ್ಬೀನಿಗೆ ಕೆಲವು ಸಾವಿರ ರೂಪಾಯಿ. ಒಂದು ಮದುವೆಯ ಪಟಾಕಿಯ ಖರ್ಚು ಅದಕ್ಕಿಂತ ಹೆಚ್ಚು. ಅದರಲ್ಲಿ ಗುರುಗ್ರಹದ ನಾಲ್ಕು ಉಪಗ್ರಹಗಳು, ಚಂದ್ರನ ಕುಳಿಗಳು, ಸುರಯ್ಯಾದ ಹತ್ತಾರು ನಕ್ಷತ್ರಗಳು ಕಾಣುತ್ತವೆ.

ಹೆಣ್ಣುಮಕ್ಕಳು ರಾತ್ರಿ ಮಾಳಿಗೆ ಹತ್ತಬಾರದು ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ತಂದೆ ಜೊತೆಯಲ್ಲಿ ಹತ್ತಲಿ, ತಾಯಿಯೂ ಬರಲಿ. ನಾನು ಕಂಡ ಮಟ್ಟಿಗೆ ಅತಿ ಒಳ್ಳೆಯ ಪ್ರಶ್ನೆಗಳು ಹುಡುಗಿಯರವೇ. ಶನಿಯ ಬಳೆಗಳನ್ನು ಕಂಡ ಒಬ್ಬ ಅಜ್ಜಿ ಕಣ್ಣು ತೆಗೆಯದೆ ಸುಬ್‌ಹಾನಲ್ಲಾಹ್ ಎಂದು ಮೂರು ಬಾರಿ ಹೇಳಿ, ಇಷ್ಟು ವರ್ಷ ತಸ್ಬೀಹ್ ಎಣಿಸಿದ್ದೆ, ಇವತ್ತು ಅದರ ಅರ್ಥ ಕಂಡೆ ಎಂದರು. ಆ ಮಾತಿನ ಮುಂದೆ ನನ್ನ ಈ ವಾದವೆಲ್ಲ ಹಗುರ.

ನಮ್ಮ ಆಕಾಶ, ಎಲ್ಲರ ಆಕಾಶ

ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಮ್ಮ ಸೀಮೆಗೆ ಅಲ್ಲಾಹನು ವಿಶೇಷ ಅನುಗ್ರಹ ಮಾಡಿದ್ದಾನೆ. ಉತ್ತರದಲ್ಲಿ ಧ್ರುವ ನಕ್ಷತ್ರ ಕೈಚಾಚಿ ಹಿಡಿದ ಒಂದೂವರೆ ಮುಷ್ಟಿಯ ಎತ್ತರದಲ್ಲಿದೆ. ದಕ್ಷಿಣದಲ್ಲಿ ಫೆಬ್ರವರಿಯ ರಾತ್ರಿ ಒಂಬತ್ತರ ಸುಮಾರಿಗೆ ಸುಹೇಲ್ ಎರಡು ಮುಷ್ಟಿಗೂ ಮಿಕ್ಕಿ ಎತ್ತರಕ್ಕೇರುತ್ತಾನೆ. ಲಂಡನ್ನಿನಲ್ಲಿರುವವರಿಗೆ ಆತ ಎಂದೂ ಉದಯಿಸುವುದಿಲ್ಲ. ಬೇಸಿಗೆಯಲ್ಲಿ ತ್ರಿಶಂಕು ನಕ್ಷತ್ರಗಳೂ ಕಾಣುತ್ತವೆ. ದೀವಳಿಗೆಯಿಂದ ಮೇ ತನಕ ಆಕಾಶ ತಿಳಿಯಾಗಿರುತ್ತದೆ. ನಗರದವರು ನೂರಾರು ಕಿಲೋಮೀಟರ್ ಓಡಿ ಹುಡುಕುವ ಕತ್ತಲೆ ನಮ್ಮ ಹೊಲದ ಬದುವಿನಲ್ಲೇ ಇದೆ.

ನಮ್ಮ ನೆರೆಯ ರೈತರು ರೋಹಿಣಿ ಮಳೆ, ಆರಿದ್ರಾ ಮಳೆ ಎಂದು ಬಿತ್ತನೆಯ ಲೆಕ್ಕ ಹಾಕುತ್ತಾರೆ. ಅವರ ರೋಹಿಣಿಯೇ ಅರಬಿಯ ಅದ್ದಬರಾನ್. ಅವರ ಆರ್ದ್ರೆಯನ್ನು ಜಗತ್ತು ಬೀಟಲ್‌ಜೂಸ್ ಎಂದು ಕರೆಯುವುದು ಜೌಝಾ ಎಂಬ ಅರಬಿ ಹೆಸರಿನಿಂದ ಬಂದದ್ದು. ಒಂದೇ ನಕ್ಷತ್ರಕ್ಕೆ ಅವರದೊಂದು ಹೆಸರು, ನಮ್ಮದೊಂದು ಹೆಸರು. ಬೇಲಿಗಳು ಎತ್ತರವಾಗುತ್ತಿರುವ ಈ ದಿನಗಳಲ್ಲಿ ಬೇಲಿ ಹಾಕಲಾಗದ ಒಂದೇ ಬಯಲು ಆಕಾಶ. ಮದ್ರಸಾದ ದುರ್ಬೀನಿನ ಮುಂದೆ ನೆರೆಮನೆಯ ಮಕ್ಕಳೂ ಸಾಲಿನಲ್ಲಿ ನಿಲ್ಲಲಿ. ಸಂತ ಶಿಶುನಾಳ ಶರೀಫರು ಹುಟ್ಟಿ ಬೆಳೆದ ನೆಲದವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಕೊನೆಯದಾಗಿ ಮಸೀದಿ ಕಮಿಟಿಗಳಿಗೆ, ಉಸ್ತಾದರಿಗೆ, ಪಾಲಕರಿಗೆ ನಾಲ್ಕು ಬೇಡಿಕೆಗಳಿವೆ. ಪ್ರತಿ ತಾಲ್ಲೂಕಿನ ಒಂದು ಮದ್ರಸಾದಲ್ಲಾದರೂ ಒಂದು ದುರ್ಬೀನು ಇರಲಿ. ರಮಝಾನಿಗಷ್ಟೇ ಅಲ್ಲ, ಪ್ರತಿ ತಿಂಗಳ 29ರ ಸಂಜೆ ಮಗ್ರಿಬ್ ಬಳಿಕ ಮಕ್ಕಳ ಜೊತೆ ಹಿಲಾಲ್ ನೋಡಿ, ಕಂಡ ಹೊತ್ತು, ಜಾಗವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವರ್ಷಕ್ಕೊಮ್ಮೆ ಜುಮಾ ಖುತ್ಬಾದಲ್ಲಿ ಗ್ರಹಣದ ಸುನ್ನತ್ತನ್ನೂ ಕಮರ್ ದರ್ ಅಕ್ರಬ್‌ನ ಸುಳ್ಳನ್ನೂ ಒಟ್ಟಿಗೆ ವಿವರಿಸಿ. ಬೇಡದ ಹೈಮಾಸ್ಟ್ ದೀಪಗಳಿಗೆ ಅರ್ಜಿ ಕೊಡುವ ಮೊದಲು ಆಕಾಶವನ್ನು ನೆನೆಯಿರಿ.

2027ರ ಆಗಸ್ಟ್ 2ರಂದು ಸಂಪೂರ್ಣ ಸೂರ್ಯಗ್ರಹಣದ ನೆರಳು ಪವಿತ್ರ ಮಕ್ಕಾದ ಮೇಲೆಯೇ ಹಾದುಹೋಗಲಿದೆ. ಐದು ನಿಮಿಷಕ್ಕೂ ಹೆಚ್ಚು ಕಾಲ ಹರಮಿನ ಮೇಲೆ ಹಗಲಿನಲ್ಲಿ ಕತ್ತಲು ಕವಿಯಲಿದೆ. ನಮ್ಮಲ್ಲಿ ಅದು ಸಂಜೆಯ ಹೊತ್ತಿಗೆ ಭಾಗಶಃ ಗ್ರಹಣ. ಮಳೆಗಾಲದ ಮೋಡಗಳು ಸರಿದರೆ ಕಾಣುತ್ತದೆ. ಅಂದು ಹಾನಗಲ್ಲಿನಲ್ಲಿ, ಶಿಗ್ಗಾಂವದಲ್ಲಿ, ಸವಣೂರಿನಲ್ಲಿ, ಹಿರೇಕೆರೂರಿನಲ್ಲಿ ನಮ್ಮ ಬಾಗಿಲುಗಳು ಮುಚ್ಚಿರಬೇಕೋ, ಅಥವಾ ನಮ್ಮ ಸುಹೇಲರೂ ಸುರಯ್ಯಾಗಳೂ ಸೌರಕನ್ನಡಕ ಹಿಡಿದು ಅಂಗಳದಲ್ಲಿ ನಿಂತು, ಬಳಿಕ ಸಲಾತುಲ್ ಕುಸೂಫ್‌ಗೆ ಸಫ್ ಕಟ್ಟಬೇಕೋ ಎಂಬುದನ್ನು ನಾವು ಇಂದೇ ತೀರ್ಮಾನಿಸಬೇಕು. ಕುರುಹುಗಳನ್ನು ಕಂಡು ಚಿಂತಿಸುವವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನೂ ನಮ್ಮ ಮಕ್ಕಳನ್ನೂ ಸೇರಿಸಲಿ. ಆಮೀನ್.